ದೇವಿಯ ಎಡೆ

ನನ್ನ ಕಥೆಗಳಲ್ಲಿ ಹೊತ್ತು ಮುಂದಕ್ಕೆ ಹೋಗುವುದೇ ಇಲ್ಲವಂತೆ. ಮಂಡ್ಯದ ಗೋಷ್ಠಿಯೊಂದರಲ್ಲಿ ಒಬ್ಬ ಮಹಾನುಭಾವರು ಹೇಳಿದರು: ‘ಹೆಂಗಸರ ಕಥೆ ನೋಡಿ, ಹೊಸಿಲಲ್ಲೇ ನಿಂತುಬಿಡುತ್ತೆ. ಆಮೇಲೇನಾಯ್ತು ಅನ್ನೋದೇ ಇರಲ್ಲ.’ ಆಮೇಲೇನಾಯಿತೆಂದು ಗೊತ್ತಿದ್ದರೆ ನಾನು ಬರೆಯುತ್ತಿರಲಿಲ್ಲವೇನಪ್ಪ, ನಿನ್ನ ತಲೆ.

ನಮ್ಮಕ್ಕ ದೇವಿ ಒಂದು ಮಧ್ಯಾಹ್ನ ಹೊಳಲಿನ ನಮ್ಮ ಮನೆಯಿಂದ ಬಟ್ಟೆ ಒಗೆಯಲು ನಾಲೆಗೆ ಹೋದಳು. ಬಟ್ಟೆಗಂಟು ಸಿಕ್ಕಿತು, ಅವಳು ಸಿಗಲಿಲ್ಲ. ಅಪ್ಪ ಅಂಕಯ್ಯನ ಪಾಲಿಗೆ ಅವಳು ಅವತ್ತೇ ಸತ್ತಳು. ಅವ್ವ ಸೋಮಮ್ಮ ಮಾತ್ರ ಅಂದಿನಿಂದ ತಲೆಬಾಗಿಲ ಚಿಲಕ ಹಾಕಿರಲಿಲ್ಲ. ನಾನು ಏನು ಬರೆಯಹೊರಟರೂ ಒಬ್ಬ ಹುಡುಗಿ ಗಂಟು ಹೊತ್ತು ಹೊಸಿಲು ದಾಟುತ್ತಾಳೆ. ಅಲ್ಲಿಗೆ ನನ್ನ ಕೈ ನಿಲ್ಲುತ್ತದೆ. ಗೋಷ್ಠಿಯ ಮಾತನ್ನು ಅವ್ವನಿಗೂ ಹೇಳಿದ್ದೆ.

ಈ ಸಲ ಪಿತೃಪಕ್ಷಕ್ಕೆ ಅಪ್ಪ ಹಟ ಹಿಡಿದ. ‘ಅವ್ಳಿಗೂ ಎಡೆ ಮಡುಗು. ಇನ್ನೆಷ್ಟ್ ವರ್ಸ ಕಾಯ್ತೀಯೆ?’

‘ಮಡುಗ್ತೀನಿ,’ ಎಂದಳು ಅವ್ವ. ‘ಎಡೆ ಮುಟ್ಟದೆ ಇದ್ರೆ ನನ್ ಮಗ್ಳು ಬದ್ಕವ್ಳೆ. ಇನ್ನೊಂದ್ ಕಿತ ಈ ಮಾತ ಎತ್ತಬ್ಯಾಡಿ.’

ಸತ್ತವರು ಬಂದು ಉಣ್ಣಲೆಂದು ಎಲೆ ತುಂಬ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಜಗಲಿಗೆ ಬರುವುದು ನಮ್ಮ ವಾಡಿಕೆ. ತಾತ, ಮುತ್ತಾತಂದಿರ ಎಲೆಗಳ ಕೊನೆಗೆ ದೇವಿಯ ಎಲೆ. ಅವಳಿಗೆ ಬದನೆಕಾಯಿ ಕಂಡರಾಗದು. ಅವ್ವ ಬೇಕೆಂದೇ ಬದನೆಕಾಯಿ ಪಲ್ಯ ಬಡಿಸಿದಳು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಬಾಗಿಲು ತಟ್ಟಿ ತೆಗೆದ. ದೇವಿಯ ಎಲೆಯಲ್ಲಿ ಒಂದಗುಳೂ ಅಲುಗಿರಲಿಲ್ಲ. ಅವ್ವನ ಮುಖ ಅರಳಿತು. ಮರುಗಳಿಗೆಗೇ ಬಾಡಿತು.

‘ತಡೀರಿ. ಅವ್ಳು ಯಾವತ್ ಗಂಡಸ್ರ ಜೊತೇಲಿ ಕುಂತು ಉಂಡವ್ಳೆ? ಎಲ್ಲಾರೂ ಉಂಡೆದ್ದ ಮ್ಯಾಕೆ ಒಲೆ ಮುಂದೆ ಕುಂತ್ಕೊಳ್ಳೋಳು.’

ಗೆದ್ದಾಯಿತಲ್ಲ, ಇನ್ಯಾಕೆ ಕೆದಕುತ್ತೀಯವ್ವ ಎಂದು ಕೂಗಬೇಕೆನಿಸಿತು. ಅವಳು ಗಂಡಸರ ಎಲೆಗಳನ್ನು ತೆಗೆದಳು. ದೇವಿಯದನ್ನು ಒಲೆಯ ಮುಂದಿಟ್ಟು, ಮತ್ತೆ ಬಾಗಿಲು ಮುಚ್ಚಿಕೊಂಡು ಬಂದಳು. ಅಪ್ಪ ಹಸಿದುಕೊಂಡು ಜಗಲಿಯಲ್ಲಿ ಕೂತ. ಹೆಣ್ಣೊಬ್ಬಳು ಉಂಡು ಮುಗಿಸಲೆಂದು ಅವನು ಕಾದದ್ದು ಅದೇ ಮೊದಲು. ಒಳಗೆ ಬಳೆಯ ಸದ್ದಾಯಿತು.

ದೀಪ ಹಚ್ಚುವ ಹೊತ್ತಿಗೆ ಅವ್ವನೇ ಬಾಗಿಲು ತೆಗೆದಳು. ಎಲೆಯ ಮೇಲಿನ ಅನ್ನ ಅರ್ಧ ಖಾಲಿಯಾಗಿತ್ತು. ಬದನೆಕಾಯಿ ಹೋಳುಗಳೆಲ್ಲ ಅಂಚಿನಲ್ಲಿ ಸಾಲಾಗಿದ್ದವು.

‘ಬೆಕ್ಕು ಬಂದಿರ್ಬೇಕು ಕಣೆ,’ ಎಂದ ಅಪ್ಪ.

‘ಯಾವ್ ಬೆಕ್ಕು ಬದ್ನೇಕಾಯ ಒತ್ತಟ್ಟಿಗೆ ಮಡುಗಿ ಅನ್ನ ಉಂಡದು?’

ಅವ್ವ ಆ ಎಲೆಯ ಮುಂದೆ ಕುಸಿದು ಅತ್ತಳು. ಇಷ್ಟು ವರ್ಷ ಅವಳು ಒಂದು ಹನಿ ಕಣ್ಣೀರನ್ನೂ ಹಾಕಿರಲಿಲ್ಲ. ನಾನೂ ಅಪ್ಪನೂ ಅವಳ ಹತ್ತಿರ ಹೋಗಲು ಹೆದರಿ ನಿಂತೆವು. ಬಹಳ ಹೊತ್ತಿನ ಮೇಲೆ ಅವಳು ಎದ್ದು ಹೋಗಿ ತಲೆಬಾಗಿಲ ಚಿಲಕ ಹಾಕಿದಳು.

‘ಓಗು ಮಗ, ಬರ್ಕೋ,’ ಎಂದಳು ನನಗೆ. ‘ನಿನ್ ಕತೇಲಿ ಇನ್ನಾದ್ರೂ ಒತ್ತು ಮುಳುಗ್ಲಿ.’