ರೊಟ್ಟಿಯ ಅಂಚಿನ ಗುರುತು

ಕಾಣೆಯಾದವರನ್ನು ಹುಡುಕಿಕೊಡುವುದು ಈರಬಸಪ್ಪನ ಕಸುಬು. ಪೊಲೀಸ್ ನೌಕರಿ ಮುಗಿಸಿ, ಪುಣೆಯ ರವಿವಾರ ಪೇಟೆಯ ಮಾಳಿಗೆಯೊಂದರಲ್ಲಿ ಖಾಸಗಿ ಪತ್ತೇದಾರನೆಂದು ಬೋರ್ಡು ತೂಗುಹಾಕಿ ಒಂಬತ್ತು ವರ್ಷವಾಗಿತ್ತು. ಓಡಿಹೋದ ಗುಮಾಸ್ತರು, ಸನ್ಯಾಸಕ್ಕೆ ಹೊರಟ ಮಕ್ಕಳು, ಎಲ್ಲರನ್ನೂ ಹಿಡಿದು ತಂದಿದ್ದ. ತಂದ ಮೇಲೆ ಅವರ ಗತಿ ಏನಾಯಿತೆಂದು ಕೇಳುವ ಚಾಳಿ ಮಾತ್ರ ಅವನಿಗಿರಲಿಲ್ಲ.

೧೯೩೬ರ ಚಳಿಗಾಲದಲ್ಲಿ ಬೆಳಗಾವಿಯ ಅರಿವೆ ವ್ಯಾಪಾರಿ ಅಪ್ಪಾಸಾಹೇಬ ಬಂದ. ಅವನ ಹೆಂಡತಿ ಪಾರವ್ವ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಪುಣೆಯ ರೈಲು ಹತ್ತಿದ್ದನ್ನು ಯಾರೋ ಈಗ ಬಾಯಿಬಿಟ್ಟಿದ್ದರು.

"ನೋಡಾಕ ಹೆಂಗ ಅದಾರ್ರಿ?" ಈರಬಸಪ್ಪ ಕೇಳಿದ.

"ಹೆಂಗ ಅಂದ್ರ... ಎಲ್ಲಾ ಹೆಣ್ಮಕ್ಕಳು ಇದ್ದಂಗ."

"ಬಣ್ಣ? ಎತ್ತರ?"

ಅಪ್ಪಾಸಾಹೇಬ ತೊಲೆ ನೋಡಿದ. ಆರು ವರ್ಷ ಸಂಸಾರ ಮಾಡಿದ ಗಂಡಸು! "ಮನ್ಯಾಗ ಹಿರ್ಯಾರು ಇದ್ರಲ್ರಿ, ಸೆರಗು ಮೂಗಿನ ತನಕ ಇರ್ತಿತ್ತು. ಆದ್ರ ಆಕಿ ರೊಟ್ಟಿ ಎಲ್ಲಿದ್ರೂ ಗುರುತು ಹಿಡೀತೀನಿ. ಭಾಳ ತೆಳ್ಳಗ, ಅಂಚಿನ್ಯಾಗ ಹೆಬ್ಬೆರಳಿನ ಅಚ್ಚು."

ಪತ್ತೇದಾರನಿಗೆ ಅಷ್ಟು ಸಾಕಿತ್ತು. ಪುಣೆಯಲ್ಲಿ ಕನ್ನಡದವರ ಖಾನಾವಳಿಗಳು ಬೆರಳೆಣಿಕೆಯಷ್ಟು. ದಿನಕ್ಕೊಂದರಲ್ಲಿ ಉಂಡ. ಐದನೆಯ ದಿನ ಕ್ಯಾಂಪ್ ಬಡಾವಣೆಯ ರಂಗೂಬಾಯಿಯ ಖಾನಾವಳಿಯಲ್ಲಿ, ಎಣ್ಣೆಗಾಯಿಯ ಪಕ್ಕದಲ್ಲೇ ಆ ಹೆಬ್ಬೆರಳು ಕಂಡಿತು. ಎರಡನೆಯ ಸಲ ಪಲ್ಯ ಹಾಕಿಸಿಕೊಂಡು, ನೆಮ್ಮದಿಯಿಂದ ಉಂಡು, ಆಮೇಲೆ ಅಡುಗೆಮನೆಗೆ ಹೋದ.

ಒಲೆಯ ಮುಂದಿದ್ದವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರೊಟ್ಟಿ ತಟ್ಟುತ್ತಿದ್ದಳು.

"ಪಾರವ್ವ, ನಿಮ್ಮ ಮನಿಯವರು ಕಳಿಸ್ಯಾರವಾ."

ಅವಳು ಬೆಚ್ಚಲಿಲ್ಲ. "ಏನ್ ಗುರುತು ಹೇಳಿದ್ರು?"

"ರೊಟ್ಟಿ."

ಪಾರವ್ವ ಹಿಟ್ಟನ್ನು ಎರಡು ಸಲ ಜೋರಾಗಿ ಬಡಿದಳು. "ಇಲ್ಲೂ ಒಲೀನ, ಅಲ್ಲೂ ಒಲೀನ. ಆದ್ರ ಇಲ್ಲಿ ನನ್ನ ಹೆಸರು ಹಿಡಿದು ಕರೀತಾರ್ರಿ ಕಾಕಾ. ಅಲ್ಲಿಗೆ ಹೋದ್ರ ನಾ ಸತ್ತಂಗ. ಒಂದು ಕೆಲಸ ಮಾಡ್ರಿ. ಅವರನ್ನ ಇಲ್ಲಿಗೇ ಕರಕೊಂಡು ಬರ್ರಿ. ರೊಟ್ಟಿ ರಂಗೂಬಾಯಿ ತಟ್ಟಲಿ. ನಾ ಸೆರಗು ಹಾಕ್ಕೊಳ್ದನ ಬಡಸ್ತೀನಿ. ಮಾರಿ ನೋಡಿ ಗುರುತು ಹಿಡಿದ್ರ ಅವರ ಹಿಂದ ನಡದುಬಿಡ್ತೀನಿ. ಹಿಡೀಲಿಲ್ಲಂದ್ರ ನೀವು ನನ್ನ ನೋಡೇ ಇಲ್ಲ."

ಇಂಥ ಕರಾರು ಈರಬಸಪ್ಪನ ಕಸುಬಿನಲ್ಲಿ ಇರಲಿಲ್ಲ. ಆದರೂ ಒಪ್ಪಿದ. ಗಂಡನಾದವನು ಇಷ್ಟಾದರೂ ಮಾಡಲಾರನೇ ಎನಿಸಿತ್ತು.

ಪುಣೆಯಲ್ಲೇ ತಂಗಿದ್ದ ಅಪ್ಪಾಸಾಹೇಬ, ಹೆಂಡತಿ ಇಲ್ಲಿರಬಹುದೆಂಬ ಮಾತು ಕೇಳಿ ಮರುದಿನ ಬಂದು ಈರಬಸಪ್ಪನ ಪಕ್ಕದಲ್ಲಿ ಊಟಕ್ಕೆ ಕುಳಿತ. ಪಾರವ್ವ ಬಂದಳು. ಉಪ್ಪು, ಶೇಂಗಾ ಚಟ್ನಿ, ಪಲ್ಯ, ಒಂದೊಂದಕ್ಕೂ ಒಂದೊಂದು ಸಲ ಬಂದು ಗಂಡನ ಮುಂದೆ ಬಾಗಿದಳು. ಬೇಕೆಂದೇ ನಿಧಾನ ಮಾಡಿದಳು. ಅವನು ರೊಟ್ಟಿಯನ್ನು ಎತ್ತಿ, ತಿರುಗಿಸಿ, ಅಂಚನ್ನೆಲ್ಲ ಸುತ್ತ ನೋಡಿದ. ಮತ್ತೆ ಇನ್ನೊಂದು ಮಗ್ಗುಲು ನೋಡಿದ. ಕೊನೆಗೆ ತಾಟಿನಿಂದ ಕಣ್ಣು ಕೀಳದೆ, ಬಡಿಸುವವಳು ಮರಾಠಿಯವಳೆಂದುಕೊಂಡು, ಮರಾಠಿಯಲ್ಲಿ ಇನ್ನೊಂದು ರೊಟ್ಟಿ ಕೇಳಿದ.

ಅವಳು ತಂದು ಹಾಕಿದಳು. ಈರಬಸಪ್ಪನಿಗೆ ಆ ಮನುಷ್ಯನ ಗದ್ದ ಹಿಡಿದು ಮುಖ ಎತ್ತಬೇಕೆನಿಸಿತು.

"ಇದು ಆಕಿ ರೊಟ್ಟಿ ಅಲ್ರಿ," ಎಂದ ಅಪ್ಪಾಸಾಹೇಬ, ಕೈ ತೊಳೆಯುತ್ತ. "ಆಕಿ ಇಲ್ಲಿಲ್ಲ." ಸಂಜೆಯ ರೈಲಿಗೆ ಊರಿಗೆ ಹೋದ.

ಗೆದ್ದವಳು ನಗುತ್ತಿರಬಹುದೆಂದು ಈರಬಸಪ್ಪ ಒಳಗೆ ಹೋದ. ಪಾರವ್ವ ಒಲೆಯ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಒಮ್ಮೆ ಮಾರಿ ಎತ್ತಿ ನೋಡಿದ್ರ," ಅಂದಳು, "ಹೋಗಿಬಿಡ್ತಿದ್ದೆನ್ರಿ ಕಾಕಾ."