ಇರಬಹುದು ಎಂಬ ಮಾತು

ಕಲ್ಲನ್ನು ತೋಯಿಸಬೇಡ ಎಂದು ಪ್ರೊಫೆಸರ್ ಇಂದೂ ಹೇಳುವಷ್ಟರಲ್ಲಿ ಅಮೇಯ ಅದನ್ನು ನಳದ ಕೆಳಗೆ ಹಿಡಿದುಬಿಟ್ಟಿದ್ದ. ವರ್ಷಗಟ್ಟಲೆ ಕಪಾಟಿನ ಧೂಳು ಕುಡಿದು ಹಳೆಯ ಇಟ್ಟಿಗೆಯಂತೆ ಮಂಕಾಗಿದ್ದ ಕಲ್ಲು, ನೀರು ತಾಗಿದ್ದೇ ತಡ, ಕೆಂಪಗೆ ಅರಳಿತು. ಆ ಕೆಂಪಿನ ಮೇಲೆ ಅಲ್ಲಲ್ಲಿ ಮಾಸಲು ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಗೂ ಕಾಡಿಗೆ ತೀಡಿದಂಥ ಕಪ್ಪು ಅಂಚು.

"ಮ್ಯಾಡಮ್, ಈಗ ನೋಡ್ರಿ," ಎಂದು ಅವನು ಒದ್ದೆ ಕಲ್ಲನ್ನು ಮೇಜಿನ ಮೇಲಿಟ್ಟು, ಅದರ ಪಕ್ಕಕ್ಕೆ ತನ್ನ ಮೊಬೈಲು ಇಟ್ಟ. ಮೊಬೈಲಿನಲ್ಲಿ ಮಂಗಳ ಗ್ರಹದ ಬಂಡೆಯ ಚಿತ್ರವಿತ್ತು. "ಅವಳಿ ಜವಳಿ ಆಗಬೇಕು ಇವು."

ಗಣಪತಿ ಮುಳುಗಿಸಿ ಇನ್ನೂ ವಾರವಾಗಿರಲಿಲ್ಲ. ಹಿಂದಿನ ದಿನವಷ್ಟೇ ಅಮೆರಿಕದ ವಿಜ್ಞಾನಿಗಳು ಸುದ್ದಿ ಕೊಟ್ಟಿದ್ದರು. ಮಂಗಳದ ನೆಲದಲ್ಲಿ ಓಡಾಡುತ್ತಿರುವ ಅವರ ಗಾಡಿ, ಒಂದಾನೊಂದು ಕಾಲದಲ್ಲಿ ನದಿ ಹರಿದಿದ್ದ ಕಣಿವೆಯಲ್ಲಿ, ಚಿರತೆಯ ಮೈಯಂಥ ಚುಕ್ಕೆಗಳಿರುವ ಬಂಡೆಯನ್ನು ಕಂಡಿತ್ತು. ಭೂಮಿಯ ಮೇಲೆ ಇಂಥ ಚುಕ್ಕೆಗಳನ್ನು ಕಣ್ಣಿಗೆ ಕಾಣದ ಜೀವಿಗಳು ಮಾಡುವುದುಂಟು. ಅಲ್ಲಿಯೂ ಹಾಗೆ ಆಗಿರಬಹುದು, ಆಗದೆಯೂ ಇರಬಹುದು ಎಂದು ಅವರು ಅಳೆದು ಸುರಿದು ಮಾತಾಡಿದ್ದರು. ಚಾನೆಲ್ಲುಗಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬೆಳಗಿನಿಂದ ಮಂಗಳದಲ್ಲಿ ಜೀವ, ಮಂಗಳದಲ್ಲಿ ಜೀವ ಎಂದು ಒಂದೇ ಸಮನೆ ಕೂಗುತ್ತಿದ್ದವು.

ಇಂದೂ ಕಲ್ಲನ್ನು ಕೈಗೆತ್ತಿಕೊಂಡಳು. ಧಾರವಾಡದಿಂದ ಬಂದು ಈ ಪುಣೆಯ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಲು ಸೇರಿದ ಹೊಸತರಲ್ಲಿ ಅವಳೇ ತಂದ ಕಲ್ಲು ಅದು. ಕಾತ್ರಜ ಘಾಟಿನ ರಸ್ತೆ ಅಗಲ ಮಾಡಲು ಗುಡ್ಡ ಕಡಿದಿದ್ದರು. ಎರಡು ಕರಿ ಬಂಡೆಗಳ ನಡುವೆ, ರೊಟ್ಟಿಗೆ ಹಚ್ಚಿದ ಕೆಂಪು ಚಟ್ನಿಯಂತೆ, ಒಂದು ಕೆಂಪು ಮಣ್ಣುಗಲ್ಲಿನ ಪದರ ಕಂಡಿತ್ತು. ಅದರಲ್ಲಿ ಈ ಚುಕ್ಕೆಗಳು. ಕೋಟಿಗಟ್ಟಲೆ ವರ್ಷಗಳ ಹಿಂದಿನ ಜೀವಿಗಳ ಗುರುತು ತನ್ನ ಸುತ್ತಿಗೆಗೆ ಸಿಕ್ಕಿತೆಂದು ಅವಳಿಗೆ ಅಂದು ನಿದ್ದೆ ಹತ್ತಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಫೋನು ಮಾಡಿ ಹೇಳಿದ್ದಳು. ಅವರು ಓಣಿಗೆಲ್ಲ ಪೇಢೆ ಹಂಚಿದ್ದರು.

ಆಮೇಲೆ ಎರಡು ವರ್ಷ ಆ ಕಲ್ಲನ್ನು ತೆಳ್ಳಗೆ ಸೀಳಿ, ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಮತ್ತೆ ಮತ್ತೆ ಘಾಟಿಗೆ ಹೋಗಿ ಅಳೆದು ಬಂದಳು. ಮೇಲಿನ ಕರಿ ಬಂಡೆಗೆ ಅಂಟಿಕೊಂಡ ಕಡೆ ಚುಕ್ಕೆ ದಟ್ಟವಾಗಿದ್ದವು. ಒಂದು ಗೇಣು ಕೆಳಗಿಳಿದರೆ ಒಂದೂ ಇರಲಿಲ್ಲ. ಆ ಕರಿ ಬಂಡೆ ಒಂದು ಕಾಲದಲ್ಲಿ ಕುದಿಯುವ ಲಾವಾ ಆಗಿ ಹರಿದು ಬಂದು ಈ ಕೆಂಪು ಮಣ್ಣಿನ ಮೇಲೆ ಮಲಗಿತ್ತು. ಅದರ ಕಾವಿಗೆ ಮಣ್ಣು ಬೆಂದಿತ್ತು, ಚುಕ್ಕೆ ಎದ್ದಿದ್ದವು. ಜೀವಕ್ಕೂ ಅವಕ್ಕೂ ಸಂಬಂಧವಿರಲಿಲ್ಲ. ಅದನ್ನೂ ಅಪ್ಪನಿಗೆ ಹೇಳಿದ್ದಳು. ಅವರು, "ಇರ್ಲಿ ಬಿಡವಾ, ಪೇಢೆ ಅಂತೂ ಭಾಳ ಛಲೋ ಇದ್ದವು," ಎಂದಿದ್ದರು.

"ಇದು ಸುಟ್ಟ ಕಲ್ಲು, ಅಮೇಯ. ನಿನಗ ಗೊತ್ತದಲ್ಲ."

"ಗೊತ್ತದ್ರಿ. ಆದ್ರ ಪ್ರಿನ್ಸಿಪಾಲರಿಗೆ ಫೋಟೋ ಕಳಿಸೇನಿ."

ಪ್ರಿನ್ಸಿಪಾಲ ಅಪ್ಪಾಸಾಹೇಬರು ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಮೂರನೆಯ ಮಾಳಿಗೆಯಲ್ಲಿರುವ ಭೂವಿಜ್ಞಾನ ವಿಭಾಗಕ್ಕೆ ಅವರು ಬಂದದ್ದು ಆ ವರ್ಷದಲ್ಲಿ ಅದೇ ಮೊದಲು. ಎರಡು ಚಿತ್ರಗಳನ್ನೂ ಹೋಲಿಸಿ ನೋಡಿ, ತಲೆಯ ಮೇಲಿನ ಭಾರ ಇಳಿಸಿದವರಂತೆ ಸ್ಟೂಲಿನ ಮೇಲೆ ಕುಳಿತರು. ಕಲ್ಲು ಓದುವುದಕ್ಕೆ ಈಗ ಮಕ್ಕಳು ಬರುತ್ತಿರಲಿಲ್ಲ. ಬರುವ ವರ್ಷದಿಂದ ಈ ವಿಭಾಗವನ್ನು ಮುಚ್ಚಿ, ಕೋಣೆಗಳನ್ನು ಕಂಪ್ಯೂಟರಿನವರಿಗೆ ಕೊಡಬೇಕೆಂದು ಆಡಳಿತ ಮಂಡಳಿ ಹಟ ಹಿಡಿದಿತ್ತು. ಅಪ್ಪಾಸಾಹೇಬರು ಹೇಗೋ ತಡೆದಿಟ್ಟಿದ್ದರು. ಇನ್ನು ತಡೆಯುವ ಶಕ್ತಿ ತಮಗಿಲ್ಲವೆಂದು ಅವರೇ ಒಪ್ಪಿದ್ದರು.

"ಮ್ಯಾಡಮ್, ಆತಾ ಮಾಗೇ ಹಟೂ ನಕಾ," ಎಂದರು. ಈಗ ಹಿಂದೆ ಸರಿಯಬೇಡಿ ಎಂದು. ಮುಂದಿನ ವಾರ ಶುಕ್ರವಾರ ಪತ್ರಿಕೆಯವರನ್ನು ಕರೆಯುವುದು, ಮಂಗಳದ ಬಂಡೆಯ ತಂಗಿ ನಮ್ಮ ಕಾಲೇಜಿನಲ್ಲಿದ್ದಾಳೆಂದು ತೋರಿಸುವುದು. ನಾಲ್ಕು ಶಾಲೆಯ ಮಕ್ಕಳು ನೋಡಲು ಬಂದರೂ ಸಾಕು, ಮಂಡಳಿಯವರ ಬಾಯಿ ಕಟ್ಟುತ್ತದೆ. ಅವರ ದನಿಯಲ್ಲಿ ಮೋಸವಿರಲಿಲ್ಲ, ದಣಿವಿತ್ತು. ಇಂದೂಗೆ ತಕ್ಷಣ ಬೇಡವೆನ್ನಲು ಆಗಲಿಲ್ಲ. "ಕಲ್ಲು ತೋರಿಸೋಣ, ಅದರ ಕತೆ ನಾನು ಹೇಳುತ್ತೇನೆ," ಎಂದು ಮರಾಠಿಯಲ್ಲಿ ಹೇಳಿದಳು. ಯಾವ ಕತೆ ಎಂದು ಅಪ್ಪಾಸಾಹೇಬರು ಕೇಳಲಿಲ್ಲ.

ಅವರು ಇಳಿದುಹೋದ ಮೇಲೆ ಅಮೇಯ ನಳ ಬಿಗಿಯಾಗಿ ತಿರುವಿ, ಬೆನ್ನು ಮಾಡಿಯೇ ಕೇಳಿದ:

"ಏನ ಹೇಳಾವ್ರಿ ಮ್ಯಾಡಮ್ ನೀವು?"

"ಇದ್ದದ್ದು."

"ನೀವು ಸುಳ್ಳ ಹೇಳ್ರಿ ಅಂತ ನಾ ಅನ್ಲಿಕತ್ತಿಲ್ರಿ. ಜೀವ ಇದ್ದಿರಬಹುದು ಅನ್ರಿ. 'ಇರಬಹುದು', ಅಷ್ಟ. ಅವರೂ ಅಷ್ಟ ಅಂದಾರಲ್ಲ? ಅಷ್ಟು ದೊಡ್ಡ ಮಂದಿ ಆಡಿದ ಮಾತು ನಾವಾಡಿದ್ರ ತಪ್ಪೇನ್ರಿ?"

"ಅವರಿಗೆ ಗೊತ್ತಿಲ್ಲ. ಅದಕ್ಕ 'ಇರಬಹುದು' ಅಂದ್ರು. ನನಗ ಗೊತ್ತದ. ಗೊತ್ತಿದ್ದವರು 'ಇರಬಹುದು' ಅಂದ್ರ ಅದು ಬ್ಯಾರೆ ಆಗ್ತದ."

"ನಿಮಗೇನ್ರಿ," ಎಂದುಬಿಟ್ಟ ಅಮೇಯ. ಅಂದಮೇಲೆ ಕಿವಿಯವರೆಗೂ ಕೆಂಪಾದ. "ನಿಮ್ಮದು ರಿಟೈರ್ ಆಗಲಿಕ್ಕ ಇನ್ನ ಎರಡ ವರ್ಷದ ಮಾತು. ನಾ ಎಲ್ಲಿ ಹೋಗ್ಲಿ?"

ಇಂದೂ ಕಲ್ಲಿನ ಒದ್ದೆ ಒರೆಸತೊಡಗಿದಳು. ಬೆಳಗಾವಿಯ ಹುಡುಗ ಅವನು, ಅವಳ ಹಳೆಯ ವಿದ್ಯಾರ್ಥಿ. ಚಾಕಣದ ಕಾರ್ಖಾನೆಯೊಂದರಲ್ಲಿ ಲೋಹ ಪರೀಕ್ಷಿಸುವ ಕೆಲಸದಲ್ಲಿ ಚೆನ್ನಾಗಿಯೇ ಇದ್ದ. ಅದನ್ನು ಬಿಟ್ಟು ಬಾ, ನಾನು ಹೋದ ಮೇಲೆ ಈ ಕಲ್ಲುಗಳನ್ನು ನೋಡಿಕೊಳ್ಳುವವರು ಬೇಕು ಎಂದು ಹಿಂದೆ ಬಿದ್ದು ಕರೆತಂದವಳು ಅವಳೇ. ಇವತ್ತಿಗೂ ಇಲ್ಲಿ ಅವನ ಪಾಠ ಹೇಳುವ ಕೆಲಸ ಕಾಯಂ ಆಗಿರಲಿಲ್ಲ.

ಶುಕ್ರವಾರದವರೆಗೆ ಅವಳು ಆ ಒಂದು ಮಾತನ್ನು ಹೊತ್ತುಕೊಂಡು ತಿರುಗಿದಳು. ಬಸ್ಸಿನಲ್ಲಿ, ಅಡಿಗೆ ಮನೆಯಲ್ಲಿ, ಪಾಠದ ನಡುವೆ. ಇರಬಹುದು. ಎಷ್ಟು ಚಿಕ್ಕ ಮಾತು! ಹಾಗೆ ನೋಡಿದರೆ ಜಗತ್ತಿನಲ್ಲಿ ಯಾವುದು ತಾನೆ ನೂರಕ್ಕೆ ನೂರು ಖಚಿತ? ತನ್ನ ಲೆಕ್ಕದಲ್ಲೂ ಎಲ್ಲೋ ಒಂದು ಎಳೆ ತಪ್ಪಿರಬಹುದಲ್ಲ? ಒಮ್ಮೆ ಆ ಮಾತು ಹೇಳಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡಳು. ಆದರೆ ಕನ್ನಡಿಯ ಮುಂದೆ ತಲೆ ಬಾಚುತ್ತ ಮೆಲ್ಲಗೆ ಆಡಿ ನೋಡಿದಾಗ, ಬೇರೆ ಯಾರದೋ ಹಲ್ಲಿನ ಸೆಟ್ಟು ತನ್ನ ಬಾಯಲ್ಲಿ ಇದ್ದಂತೆ ಅನಿಸಿತು.

ಶುಕ್ರವಾರ ಸಭಾಂಗಣದಲ್ಲಿ ಮೇಜಿನ ಮೇಲೆ ಮಖಮಲ್ಲು ಹಾಸಿ ಕಲ್ಲನ್ನು ಕೂರಿಸಿದ್ದರು. ಯಾರೋ ಮುತುವರ್ಜಿಯಿಂದ ಅದಕ್ಕೆ ಎಣ್ಣೆ ಸವರಿದ್ದರು; ದೇವರ ಕಲ್ಲಿನಂತೆ ಮಿರುಗುತ್ತಿತ್ತು. ಹಿಂದೆ 'ಮಂಗಳಾಚಾ ದಗಡ', ಅಂದರೆ ಮಂಗಳದ ಕಲ್ಲು, ಎಂಬ ಬ್ಯಾನರು. ಎದುರಿಗೆ ಪತ್ರಿಕೆಯವರು, ಒಂದು ಚಾನೆಲ್ಲಿನ ಕ್ಯಾಮರಾ, ಹಿಂದಿನ ಸಾಲುಗಳಲ್ಲಿ ಕರೆತಂದು ಕೂರಿಸಿದ ವಿದ್ಯಾರ್ಥಿಗಳು. ಅಪ್ಪಾಸಾಹೇಬರು ಸ್ವಾಗತದ ಮಾತನ್ನು ಉತ್ಸಾಹದಿಂದ ಆಡಿದರು. ಅಮೇಯ ಪರದೆಯ ಮೇಲೆ ಎರಡೂ ಚಿತ್ರಗಳನ್ನು ತೋರಿಸಿದಾಗ ಸಭೆಯಲ್ಲಿ ಅಬ್ಬಾ ಎಂಬ ಉದ್ಗಾರ ಎದ್ದಿತು.

ಮುಂದಿನ ಸಾಲಿನಲ್ಲಿದ್ದ ಮರಾಠಿ ಪತ್ರಿಕೆಯ ವರದಿಗಾರ್ತಿ ಹರ್ಷದಾ ಎದ್ದು ನಿಂತಳು. "ಮ್ಯಾಡಮ್, ಯಾತ ಜೀವ ಹೋತಾ ಕಾ?"

ಇದರಲ್ಲಿ ಜೀವ ಇತ್ತೇ? ಇಷ್ಟು ನೇರವಾಗಿ ಯಾರಾದರೂ ಕೇಳಬಹುದೆಂದು ಇಂದೂ ಎಣಿಸಿರಲಿಲ್ಲ. ಅವಳು ಅಮೇಯನ ಕಡೆ ನೋಡಿದಳು. ಅವನು ಲ್ಯಾಪ್‌ಟಾಪಿನ ಮೇಲೆ ಕಣ್ಣು ನೆಟ್ಟು ಕುಳಿತಿದ್ದ.

"ಇಲ್ಲ," ಎಂದಳು. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ಇದರಲ್ಲಿ ಇರಲಿಲ್ಲ. ಇದು ಬೆಂಕಿಯ ಕೆಲಸ. ನಾನೂ ಮೊದಲು ಜೀವವೆಂದೇ ತಿಳಿದಿದ್ದೆ. ಎರಡು ವರ್ಷ ಹಾಗೇ ಆಗಲೆಂದು ಬಯಸಿದ್ದೆ." ಮುಂದೆ ಅವಳು ಚುಕ್ಕೆಗಳು ಮೇಲೆ ದಟ್ಟವಾಗಿ ಕೆಳಗೆ ಇಲ್ಲವಾದದ್ದನ್ನು ಹೇಳಿದಳು. ಮಂಗಳದ ಬಂಡೆಯಲ್ಲಿ ಇಂಥ ಕಾವಿನ ಗುರುತು ಅವರಿಗೆ ಕಂಡಿಲ್ಲ, ಅದಕ್ಕೇ ಅವರ ಆಸೆಗೆ ಬಲವಿದೆ ಎಂದಳು. ನೋಡಲು ಒಂದೇ ಥರ ಇರುವುದೆಲ್ಲ ಒಂದೇ ಅಲ್ಲ ಎಂದು ಕಲಿಸುವುದಕ್ಕಾದರೂ ಈ ಕಲ್ಲು ಬೇಕು ಎಂದಳು. ಅವಳ ಮಾತು ಮುಗಿಯುವ ಮೊದಲೇ ಕ್ಯಾಮರಾದವನು ಸ್ಟ್ಯಾಂಡು ಮಡಚತೊಡಗಿದ್ದ.

ಅಪ್ಪಾಸಾಹೇಬರು ಎಲ್ಲರಿಗೂ ಚಹಾ ಕುಡಿದು ಹೋಗಲು ಹೇಳಿದರು. ಆಮೇಲೆ ಬಾಗಿಲ ಬಳಿ ಅವಳನ್ನು ನಿಲ್ಲಿಸಿ, ಸಿಟ್ಟಿಲ್ಲದೆ, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ನೀವು ಹೇಳಿದ್ದು ಸರಿ, ಇಂದೂತಾಯಿ. ಆದರೆ ನನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ."

ಅಮೇಯ ಮೇಜಿನ ಮಖಮಲ್ಲನ್ನು ಮಡಚಿ, ಕಲ್ಲನ್ನು ಎತ್ತಿಕೊಂಡು, ಅವಳತ್ತ ನೋಡದೆ ಮೇಲೆ ಹೋದ.

ಹರ್ಷದಾ ಬರೆದ ಸುದ್ದಿ ಒಳಪುಟದಲ್ಲಿ ಬಂತು. ಅದನ್ನು ಓದಿ ಯಾವ ಶಾಲೆಯವರೂ ಬರಲಿಲ್ಲ. ದಸರೆಗೆ ಮುಂಚೆ ಮಂಡಳಿಯ ಸಭೆ ನಡೆದು, ಈಗ ಇರುವ ಮಕ್ಕಳು ಓದಿ ಮುಗಿಸಲಿ, ಹೊಸಬರನ್ನು ಸೇರಿಸಿಕೊಳ್ಳುವುದು ಬೇಡ ಎಂದು ತೀರ್ಮಾನವಾಯಿತು. ಆ ಒಂದು ಮಾತು ಆಡಿದ್ದರೆ ಬೇರೆ ಆಗುತ್ತಿತ್ತೋ ಏನೋ, ಹೇಳುವವರು ಯಾರು? ಅಮೇಯ ಪಾಠ ಹೇಳಲು ಬರುತ್ತಿದ್ದ, ಹೋಗುತ್ತಿದ್ದ. ಒಂದೇ ಕೋಣೆಯಲ್ಲಿ ಕುಳಿತು ಇಬ್ಬರೂ "ಹೂಂ", "ಆಯ್ತು" ಎಂಬುದರಾಚೆ ಮಾತಾಡಲಿಲ್ಲ. ತನ್ನ ಊಟದ ಡಬ್ಬಿ ಬಿಚ್ಚುವಾಗ ಅವನತ್ತ ಒಂದು ಮುಚ್ಚಳ ಪಲ್ಯ ಸರಿಸುವ ಅವಳ ರೂಢಿಯೂ ನಿಂತಿತು. ಸರಿಸಿದರೆ ಅವನು ಬೇಡವೆಂದಾನೆಂಬ ಅಂಜಿಕೆ.

ಸಭೆಯ ತೀರ್ಮಾನ ಬಂದು ಕೆಲವು ದಿನ ಕಳೆದಿದ್ದವು. ಸಂಜೆ ಕ್ಲಾಸು ಮುಗಿಸಿ ಬಂದ ಅಮೇಯ ಅವಳ ಮೇಜಿನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತ.

"ಇವತ್ತ ಕ್ಲಾಸಿನ್ಯಾಗ ಆ ಕಲ್ಲು ಕೊಟ್ಟಿದ್ದೆರಿ. ಏನೂ ಹೇಳದ. ಇದು ಹ್ಯಾಂಗ ಆತು ಹೇಳ್ರಿ ಅಂದೆ."

"ಮತ್ತ?"

"ಎಲ್ಲಾರೂ ಜೀವ, ಜೀವ ಅಂದ್ರು. ಆ ಶಿರೂರಿನ ಹುಡುಗಿ ಗೋದಾ ಒಬ್ಬಾಕಿ, 'ಸರ್, ಚುಕ್ಕಿ ಒಂದ ಕಡೆ ಯಾಕ ಹೆಚ್ಚ ಅವ?' ಅಂತ ಕೇಳಿದ್ಲು." ಅವನು ತಾನೇ ನಕ್ಕ. ಎಷ್ಟೋ ದಿನಗಳ ಮೇಲೆ ಬಂದ ನಗೆ, ಸ್ವಲ್ಪ ತುಕ್ಕು ಹಿಡಿದಿತ್ತು. "ನಾ ಈ ಕಲ್ಲ ಮೊದಲ ನೋಡಿದಾಗ ಕೇಳಿದ್ದಿಲ್ರಿ ಅದನ್ನ. ನೀವ ಹೇಳಿಕೊಟ್ಟಿದ್ರಿ."

ಇಂದೂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಅಮೇಯ, ನಿನ್ನ ಇಲ್ಲಿಗೆ ಕರಿಬಾರದಿತ್ತು ನಾ."

"ಅದನ್ನ ಈಗ ತಗೀಬ್ಯಾಡ್ರಿ. ಚಾಕಣದವರಿಗೆ ಫೋನ್ ಮಾಡೇನಿ. ಬ್ಯಾಸಗಿ ಆದಮ್ಯಾಲೆ ನೋಡೋಣು ಅಂದಾರ." ಅವನು ಎದ್ದ. "ಬರ್ರಿ, ಮಾಳಿಗಿ ಮ್ಯಾಲೆ ಹೋಗೋಣು. ಹೊತ್ತು ಮುಳುಗೋ ಕಡೆ ತಳಕ್ಕ ಮಂಗಳ ಕಾಣ್ತದಂತ, ಮೋಡ ಇಲ್ಲಂದ್ರ."

ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಇಬ್ಬರೂ ನಿಂತರು. ಕೆಳಗಿನ ರಸ್ತೆಯಲ್ಲಿ ಹಿಂಜವಾಡಿಯಿಂದ ಬಂದ ಕಂಪನಿ ಬಸ್ಸುಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತು ಹಾರ್ನು ಹಾಕುತ್ತಿದ್ದವು. ಪಶ್ಚಿಮದಲ್ಲಿ ಬೂದು ಮೋಡದ ಪಟ್ಟಿಗಳ ನಡುವೆ ಕುಂಕುಮದ ಬಣ್ಣ ಆರುತ್ತಿತ್ತು.

"ನಿಮಗೇನ ಅನಸ್ತದ್ರಿ ಮ್ಯಾಡಮ್? ಅಲ್ಲಿ?"

"ಗೊತ್ತಿಲ್ಲಪಾ."

"ಗೊತ್ತಿಲ್ಲ ಅಂತ ನನಗೂ ಗೊತ್ತದ. ಏನ ಅನಸ್ತದ ಅಂತ ಕೇಳಿದೆ."

ಅವಳು ಕಟ್ಟೆಯ ಮೇಲೆ ಎರಡೂ ಕೈ ಊರಿದಳು. ಸಿಮೆಂಟು ಹಗಲಿನ ಬಿಸಿಲನ್ನು ಇನ್ನೂ ಹಿಡಿದಿಟ್ಟುಕೊಂಡಿತ್ತು.

"ಜೀವ ಇರ್ಲಿ ಅನಸ್ತದ," ಎಂದಳು. "ಭಾಳ ಅನಸ್ತದ."

ಅಮೇಯ ಪಶ್ಚಿಮದತ್ತ ಕಣ್ಣು ಹಾಯಿಸಿದ. ಸ್ವಲ್ಪ ಹೊತ್ತಿಗೆ ಅವನ ಕೈ ತಟ್ಟನೆ ಮೇಲೆದ್ದಿತು. "ಅಗೋ, ಕೆಂಪಗ!"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಕ್ರೇನಿನ ದೀಪ ಅದು."

ಹೌದು. ಎದುರಿನ ಓಣಿಯಲ್ಲಿ ಏಳುತ್ತಿದ್ದ ಹೊಸ ಕಟ್ಟಡದ ಕ್ರೇನು. ಇಬ್ಬರೂ ನಕ್ಕರು, ಆದರೆ ನೋಡುವುದನ್ನು ಬಿಡಲಿಲ್ಲ. ಆ ಕೆಂಪು ದೀಪದ ಕೆಳಗಿನ ಚಾಲಕನ ಪಂಜರದಂಥ ಕೋಣೆಯಿಂದ ಇರುವೆಯಷ್ಟು ಚಿಕ್ಕದೊಂದು ಮನುಷ್ಯಾಕೃತಿ ಹೊರಗೆ ಬಂತು. ಒಂದು ಗಳಿಗೆ ಕಂಬಿ ಹಿಡಿದು ನಿಂತಿತು. ಆಮೇಲೆ ಊಟದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಒಂದೊಂದೇ ಮೆಟ್ಟಿಲು, ನೆಲದ ಕಡೆ ಇಳಿಯತೊಡಗಿತು.