ಬಾಯಿ ತೆರೆದ ಮೀನು

ಹಿರೇಬೆಂಡಿಗೇರಿಯ ಯಲ್ಲಪ್ಪ, ಅಕ್ಕಿಆಲೂರು ಕಡೆಯ ಉಳಿವೆಪ್ಪನ ಮಗಳನ್ನು ಸೊಸೆಯಾಗಿ ತಂದುಕೊಂಡ ಬೀಗ. ಹೋದ ಬೇಸಿಗೆಯಲ್ಲಿ ತನ್ನ ಮನೆಯಲ್ಲಿ ಮೊಳಕೈ ಉದ್ದದ ಮೀನು ಬಡಿಸಿ, ನಿಮ್ಮ ಅಕ್ಕಿಆಲೂರು ಕಡೆ ಮೀನಿಗೆ ಬರೀ ಮುಳ್ಳಂತಲ್ಲ ಎಂದು ನಕ್ಕಿದ್ದ. ಆ ಮಾತು ಉಳಿವೆಪ್ಪನ ಗಂಟಲಲ್ಲಿ ಮುಳ್ಳಾಗಿಯೇ ಉಳಿಯಿತು. ಈ ವರ್ಷ ಯುಗಾದಿಯ ಮರುದಿನದ ಕರಿಯ ಬಾಡೂಟಕ್ಕೆ ಬೀಗರನ್ನು ಕರೆದ. ಮೀನು ತನ್ನ ಹೊಂಡದ್ದೇ ಇರಬೇಕು, ಮೊಳಕೈ ಮೀರಬೇಕು.

ಉಪಾಯ ಅಟ್ಟದ ಮೇಲಿತ್ತು. ಗ್ರಾಮಸೇವಕ ಗದ್ದೆಗೆಂದು ಕೊಡಿಸಿದ್ದ ಸರಕಾರಿ ಗೊಬ್ಬರ, ಸಕ್ಕರೆಯಂತೆ ಬೆಳ್ಳಗಿನದು, ಎರಡು ಚೀಲ ಉಳಿದಿತ್ತು. ಬೊಗಸೆಯಷ್ಟು ಚೆಲ್ಲಿದ್ದಕ್ಕೇ ಮೊಳಕಾಲಿನ ಭತ್ತ ಎದೆಮಟ್ಟ ಬಂದದ್ದನ್ನು ಉಳಿವೆಪ್ಪ ಕಣ್ಣಾರೆ ಕಂಡಿದ್ದ. ಭತ್ತವೂ ನೀರಲ್ಲೇ ನಿಲ್ಲುತ್ತದೆ, ಮೀನೂ ನೀರಲ್ಲೇ ಇರುತ್ತದೆ. ಒಂದು ಚೀಲ ಹೊಂಡಕ್ಕೆ ಸುರಿದ.

ಹದಿನೈದು ದಿನದಲ್ಲಿ ಹೊಂಡದ ಮೇಲೆ ಹಸಿರು ಕಂಬಳಿಯಂತೆ ಪಾಚಿ ಹರಡಿತು. ನೀರುಕಾಗೆ ಮುಳುಗಲು ಜಾಗ ಸಿಗದೆ ಹಾರಿಹೋಯಿತು. ಬೆಳ್ಳಕ್ಕಿಯೊಂದು ದಂಡೆಯಲ್ಲಿ ಒಂಟಿಕಾಲಲ್ಲಿ ನಿಂತು, ತಾನು ಬಂದದ್ದು ಹೊಂಡಕ್ಕೋ ಗದ್ದೆಗೋ ಎಂದು ಯೋಚಿಸುವಂತಿತ್ತು. ಹೊತ್ತು ಮೂಡುವಾಗ ಮೀನುಗಳು ಪಾಚಿಯ ಸಂದಿಯಲ್ಲಿ ಮುಖವೆತ್ತಿ, ಬಾಯಿ ತೆರೆದು ಮುಚ್ಚುತ್ತಿದ್ದವು.

ಉಳಿವೆಪ್ಪ ದಂಡೆಯಿಂದಲೇ ಹೆಂಡತಿಯನ್ನು ಕೂಗಿದ. "ಕರೆವ್ವಾ, ಬಾ ಇಲ್ಲೆ. ಇನ್ನೊಂದು ತುತ್ತು ಹಾಕಪಾ ಅಂತ ಬೇಡಾಕತ್ತಾವು ನೋಡು."

ಅವು ಹಸಿದು ಬಾಯಿ ತೆರೆದಿಲ್ಲ, ಉಸಿರು ಸಿಗದೆ ತೆರೆದಿವೆ ಎಂದಳು ಹೆಂಡತಿ. "ಗೊರಕಿ ಹೊಡಿಯೂವಾಗ ನಿಮ್ಮ ಬಾಯಿನೂ ಹಿಂಗ ಇರ್ತೈತ್ರಿ. ನಾ ಏನು ಗೊಬ್ಬರ ಹಾಕ್ತೇನೇನು?"

ಬಾಯಿ ತೆರೆದು ಬಂದವರನ್ನು ಉಳಿವೆಪ್ಪನ ಮನೆಯಿಂದ ಬರಿಗೈಯಲ್ಲಿ ಕಳಿಸಿದ್ದೇ ಇಲ್ಲ. ಎರಡನೇ ಚೀಲವೂ ಹೋಯಿತು.

ಕರಿಯ ದಿನ ಬೀಗರ ಚಕ್ಕಡಿ ಬಂದು ನಿಂತಾಗ ಪಾಚಿ ಅರ್ಧ ಕೊಳೆತು ನಾರುತ್ತಿತ್ತು. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೆಳ್ಳಕ್ಕಿ ಕೂಡ ಅವಕ್ಕೆ ಕೊಕ್ಕು ಮುಟ್ಟಿಸದೆ ಹೋಗಿತ್ತು. ಅಳಿದುಳಿದ ಕಪ್ಪೆಗಳು ಗುಳೆ ಹೊರಟವರಂತೆ ಅಂಗಳ ದಾಟಿ, ಬೀಗರಿಗೆಂದು ಹಾಸಿದ ಜಮಖಾನದ ಮೇಲೆ ಬೀಗರಿಗಿಂತ ಮೊದಲೇ ಕುಳಿತಿದ್ದವು. ಕರೆವ್ವ ಹುರುಳಿಕಟ್ಟಿನ ಸಾರು ಬಡಿಸಿದಳು.

ಯಲ್ಲಪ್ಪ ಸಾರಿನಲ್ಲಿ ಬೆರಳಾಡಿಸಿ ಮುಳ್ಳು ಹುಡುಕಿದ. ಅದೂ ಇರಲಿಲ್ಲ. ಉಂಡು ಕೈ ತೊಳೆದು ಹೊಂಡದ ತನಕ ಹೋಗಿ, ಮೂಗು ಮುಚ್ಚಿಕೊಂಡು ಬಹಳ ಹೊತ್ತು ನೋಡಿ ಬಂದ. ಉಳಿವೆಪ್ಪ ತಲೆ ತಗ್ಗಿಸಿ ಕಪ್ಪೆಗಳ ನಡುವೆ ಕಾದು ಕುಳಿತಿದ್ದ.

"ಬೀಗರ, ಹೊಂಡದಾಗ ಮೇವು ಭಾಳ ಚೊಲೋ ಬೆಳೆಸೀರಿ," ಎಂದ ಯಲ್ಲಪ್ಪ. "ಮುಂದಿನ ಕರಿಗೆ ನಮ್ಮ ಎಮ್ಮಿನ್ನೂ ಕರೀರಿ."